ಬೂತಾಯಿ ಬಿಡಬೇಡಿ, ಶಾರ್ಕ್ ಬೇಡ

ಪ್ರಶ್ನೆ: ನನಗೀಗ ನಾಲ್ಕನೇ ತಿಂಗಳು. ನಮ್ಮ ಮನೆಯಲ್ಲಿ ಮೀನಿಲ್ಲದೆ ಊಟವೇ ಇಲ್ಲ. ಮೀನಿನಲ್ಲಿ ಪಾದರಸ ಇರುತ್ತದೆ, ಮಗುವಿನ ಮಿದುಳಿಗೆ ಕೆಟ್ಟದ್ದು ಅಂತ ವಾಟ್ಸಾಪ್‌ನಲ್ಲಿ ಓದಿ ಮೀನು ಮುಟ್ಟುವುದನ್ನೇ ಬಿಟ್ಟಿದ್ದೇನೆ. ಅತ್ತೆಗೆ ಸಿಟ್ಟು. "ನಾವೆಲ್ಲ ತಿಂದೇ ಹೆತ್ತಿಲ್ವಾ?" ಅಂತಾರೆ. ಏನು ಮಾಡಲಿ ಡಾಕ್ಟ್ರೇ?
– ಹೆಸರು ಬೇಡ, ಮಲ್ಪೆ

ಉತ್ತರ: ಇಷ್ಟು ದಿನ ಸುಮ್ನೆ ಬಾಯಿ ಕಟ್ಟಿದಿರಿ. ಇವತ್ತೇ ಬೂತಾಯಿ ಮೀನಿನ ಪುಳಿಮುಂಚಿ ಮಾಡಿಸಿಕೊಂಡು ಉಣ್ಣಿ.

ಹಾಗಂತ ವಾಟ್ಸಾಪ್ ಮಾತು ಪೂರ್ತಿ ಸುಳ್ಳಲ್ಲ. ಜಪಾನಿನ ಮಿನಮಾಟದಲ್ಲಿ ಚಿಸ್ಸೊ ಕಂಪನಿಯ ಕಾರ್ಖಾನೆ ಪಾದರಸ ಬೆರೆತ ಕೊಳೆನೀರನ್ನು ವರ್ಷಗಟ್ಟಲೆ ಸಮುದ್ರಕ್ಕೆ ಬಿಟ್ಟಿತ್ತು. ಅಲ್ಲಿನ ಮೀನು ತಿಂದವರ ಕಾಯಿಲೆ 1956ರಲ್ಲಿ ಬೆಳಕಿಗೆ ಬಂತು. ವಿಚಿತ್ರ ನೋಡಿ, ಕೆಲವು ತಾಯಂದಿರು ಮೇಲ್ನೋಟಕ್ಕೆ ಆರಾಮಾಗಿದ್ದರು. ಅವರು ಹೆತ್ತ ಮಕ್ಕಳಿಗೆ ಮಾತ್ರ ಕತ್ತು ನಿಲ್ಲದು, ಮಾತು ಬಾರದು. ಹೊಟ್ಟೆಯೊಳಗೆ ತಾಯಿಯಿಂದ ಮಗುವಿಗೆ ಆಹಾರ ಸಾಗಿಸುವ ಮಾಸು (ಪ್ಲಾಸೆಂಟಾ) ವಿಷವನ್ನು ತಡೆಯುತ್ತದೆ ಅಂತಲೇ ಆಗಿನ ಡಾಕ್ಟರುಗಳು ನಂಬಿದ್ದರು. ಅಲ್ಲಿನವರಿಗೆ ಮಗುವಿನ ಹೊಕ್ಕುಳಬಳ್ಳಿ ಒಣಗಿಸಿ ಪುಟ್ಟ ಡಬ್ಬಿಯಲ್ಲಿಡುವ ರೂಢಿ, ನಮ್ಮಲ್ಲಿ ಕೆಲವರು ತಾಯಿತಕ್ಕೆ ಹಾಕುವ ಹಾಗೆ. ಡಾಕ್ಟರ್ ಹರಾಡಾ ಮಸಾಜುಮಿ ಆ ಬಳ್ಳಿಗಳನ್ನೇ ಕೇಳಿ ತಂದು ಪರೀಕ್ಷೆ ಮಾಡಿಸಿದರು. ಪಾದರಸ ಸಿಕ್ಕಿತು. ಮಾಸು ತಡೆದಿರಲಿಲ್ಲ.

ಆದರೆ ಅದು ಕಾರ್ಖಾನೆಯ ವಿಷ, ಪ್ರಮಾಣ ಬಹಳ ಜಾಸ್ತಿ. ನಮ್ಮ ನಿಮ್ಮ ತಟ್ಟೆಯ ಲೆಕ್ಕ ಬೇರೆ. ಸಣ್ಣ ಮೀನನ್ನು ದೊಡ್ಡದು ತಿನ್ನುತ್ತದೆ, ಅದನ್ನು ಇನ್ನೂ ದೊಡ್ಡದು. ಪಾದರಸ ಹೀಗೆ ಮೇಲೆ ಮೇಲೆ ಸೇರುತ್ತಾ ಹೋಗುತ್ತದೆ. ಹೆಚ್ಚು ವರ್ಷ ಬದುಕುವ ದೊಡ್ಡ ಮೀನಿನಲ್ಲೇ ಅದು ಜಾಸ್ತಿ. ಇರುವುದು ಮಾಂಸದಲ್ಲೇ, ಹಾಗಾಗಿ ಎಷ್ಟು ತೊಳೆದರೂ ಹುರಿದರೂ ಹೋಗುವುದಿಲ್ಲ.

ಹಾಗಾಗಿ ಬೂತಾಯಿ, ಬಂಗುಡೆ, ನಂಗ್‌ನಂಥ ಸಣ್ಣ ಮೀನು ಧೈರ್ಯವಾಗಿ ತಿನ್ನಿ. ಅವುಗಳ ಒಮೆಗಾ-3 ಕೊಬ್ಬು ಮಗುವಿನ ಮಿದುಳಿಗೆ ಬೇಕೇ ಬೇಕು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಕೂಡ ಬಸುರಿಯರಿಗೆ ವಾರಕ್ಕೆ ಸುಮಾರು 225ರಿಂದ 340 ಗ್ರಾಂ ಮೀನು ತಿನ್ನಿ ಅಂತಲೇ ಹೇಳುತ್ತದೆ, ಪಾದರಸ ಕಡಿಮೆ ಇರುವಂಥದ್ದು. ಶಾರ್ಕ್ ಮಾತ್ರ ಬೇಡವೇ ಬೇಡ. ಅಂಜಲ್ ಕೂಡ ಬೇಟೆಯಾಡುವ ದೊಡ್ಡ ಮೀನೇ. ಆಸೆಯಾದರೆ ಅಪರೂಪಕ್ಕೊಂದು ತುಂಡು, ಅಷ್ಟೆ.

ಇನ್ನೊಂದು ಮಾತು ಅತ್ತೆಗೆ ಈಗಲೇ ಹೇಳಿಬಿಡಿ. ಬಾಣಂತಿಗೆ ಹಾಲು ಬರಲಿ ಅಂತ ನಮ್ಮ ಕರಾವಳಿಯಲ್ಲಿ ಶಾರ್ಕ್ ಸಾರು ಮಾಡುತ್ತಾರಲ್ವಾ? ಅದೂ ಬೇಡ. ಪಾದರಸ ಎದೆಹಾಲಿಗೂ ಸ್ವಲ್ಪ ಇಳಿಯುತ್ತದೆ.