ಡಿಸ್ಕ್ ಹಾಕಿದರೆ ನೆಟ್‌ವರ್ಕ್ ಕಾರ್ಡಿನ ಹೆಸರು ಯಾಕೆ ಬದಲಾಯಿತು?

ಪ್ರಶ್ನೆ: ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದು ಸಗಟು ಅಂಗಡಿ. ಹಳೆಯ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಹಾಕಿ, ಒಂದು ನೆಟ್‌ವರ್ಕ್ ಕಾರ್ಡಿಗೆ ಬ್ರಾಡ್‌ಬ್ಯಾಂಡ್, ಇನ್ನೊಂದಕ್ಕೆ ಬಿಲ್ಲಿಂಗ್ ಕಂಪ್ಯೂಟರುಗಳನ್ನು ಜೋಡಿಸಿದ್ದೇವೆ. ಹೊಸ ಎನ್‌ವಿಎಂಇ ಡಿಸ್ಕ್ ಹಾಕಿಸಿದ್ದೇ ಇಂಟರ್ನೆಟ್ ನಿಂತಿತು. ಇಎನ್‌ಪಿ3ಎಸ್0 ಅಂತಿದ್ದ ಕಾರ್ಡು ಈಗ ಇಎನ್‌ಪಿ4ಎಸ್0 ಅಂತ ತೋರಿಸುತ್ತಿದೆ. ಡಿಸ್ಕಿಗೂ ನೆಟ್‌ವರ್ಕಿಗೂ ಏನು ಸಂಬಂಧ?

ಉತ್ತರ: ಸಂಬಂಧ ಇದೆ. ಆ ಹೆಸರು ಕಾರ್ಡಿನದ್ದಲ್ಲ, ಅದು ಕೂತ ಜಾಗದ್ದು. ಇಎನ್ ಅಂದರೆ ಈಥರ್ನೆಟ್, ಪಿ3 ಅಂದರೆ ಪಿಸಿಐ ಬಸ್ (ಕಾರ್ಡುಗಳನ್ನು ಮದರ್‌ಬೋರ್ಡಿಗೆ ಜೋಡಿಸುವ ದಾರಿ) ಸಂಖ್ಯೆ, ಎಸ್0 ಅಂದರೆ ಸ್ಲಾಟ್. ಯಂತ್ರ ಶುರುವಾಗುವಾಗ ಬಸ್ಸುಗಳಿಗೆ ಸಾಲಾಗಿ ಸಂಖ್ಯೆ ಬೀಳುತ್ತದೆ. ಎನ್‌ವಿಎಂಇ ಡಿಸ್ಕ್ ಕೂಡ ಪಿಸಿಐ ಬಸ್ಸಿನಲ್ಲೇ ಕೂರುತ್ತದೆ; ಅದು ನಡುವೆ ಬಂದು 3ನ್ನು ಹಿಡಿದುಕೊಂಡಿತು, ಕಾರ್ಡು 4ಕ್ಕೆ ಸರಿಯಿತು. ಕಾರ್ಡುಗಳ ಸೆಟ್ಟಿಂಗ್ ಬರೆದಿಟ್ಟ ನಿಮ್ಮ ಇಂಟರ್‌ಫೇಸಸ್ ಕಡತ ಮಾತ್ರ ಇನ್ನೂ ಹಳೆಯ ಹೆಸರನ್ನೇ ಹುಡುಕುತ್ತಿದೆ.

ಹಾಗಂತ ಹಳೆಯ ಎತ್0, ಎತ್1 ಪದ್ಧತಿಗೆ ಮರಳಬೇಡಿ. ಅಲ್ಲಿ ಕರ್ನಲ್ (ಲಿನಕ್ಸಿನ ತಿರುಳು) ಮೊದಲು ಕಂಡ ಕಾರ್ಡಿಗೆ 0. ರೀಬೂಟ್ ಆದಾಗ ಎರಡೂ ಅದಲುಬದಲಾದರೆ, ಒಳಗಿನ ಕಂಪ್ಯೂಟರುಗಳಿಗೆಂದು ಬರೆದ ಫೈರ್‌ವಾಲ್ ನಿಯಮ ಬ್ರಾಡ್‌ಬ್ಯಾಂಡ್ ತಂತಿಗೆ ಹತ್ತಿಬಿಡುತ್ತದೆ. ಇಂಟರ್ನೆಟ್ ನಿಂತರೆ ಗೊತ್ತಾಗುತ್ತದೆ, ಬಾಗಿಲು ತೆರೆದುಕೊಂಡದ್ದು ಗೊತ್ತಾಗುವುದೇ ಇಲ್ಲ. 2013ರಲ್ಲಿ ಸಿಸ್ಟಮ್‌ಡಿ (ಲಿನಕ್ಸ್ ಶುರುವಾಗುವಾಗ ಎಲ್ಲವನ್ನೂ ಎಬ್ಬಿಸುವ ತಂತ್ರಾಂಶ) 197ನೇ ಆವೃತ್ತಿ ಜಾಗದ ಹೆಸರು ತಂದದ್ದು ಈ ಗೊಂದಲ ತಪ್ಪಿಸಲಿಕ್ಕೇ.

ಒಳಗಿನ ಕಂಪ್ಯೂಟರುಗಳನ್ನು ಇಂಟರ್ನೆಟ್ಟಿಗೆ ಸೇರಿಸುವ ನಿಮ್ಮಂಥ ಗೇಟ್‌ವೇಗೆ ನಾನು ಹೇಳುವುದು ಒಂದೇ: ಮ್ಯಾಕ್ ವಿಳಾಸ (ಕಾರ್ಡಿನದೇ ಆದ ಗುರುತಿನ ಸಂಖ್ಯೆ) ಹಿಡಿದು ನೀವೇ ಹೆಸರಿಡಿ, ಅದೂ ಕೆಲಸದ ಹೆಸರು. ಭೀಮಸಮುದ್ರದ ಒಂದು ಅಡಿಕೆ ಮಂಡಿಯಲ್ಲಿ ನಾನು ಇಂಗ್ಲಿಷ್ ಅಕ್ಷರಗಳಲ್ಲಿ ‘ಹೊರಗೆ’, ‘ಒಳಗೆ’ ಎಂದೇ ಇಟ್ಟಿದ್ದೇನೆ. ಗುಮಾಸ್ತರು ಫೋನಿನಲ್ಲಿ ‘ಹೊರಗೆ ಡೌನ್ ಇದೆ ಸಾರ್’ ಅಂದರೆ ಯಾವ ತಂತಿ ನೋಡಬೇಕೆಂದು ಇಬ್ಬರಿಗೂ ಗೊತ್ತು. ಹೆಸರು 15 ಅಕ್ಷರ ಮೀರಬಾರದು.

‘ಐಪಿ ಲಿಂಕ್’ ಆದೇಶ ಕೊಟ್ಟರೆ ‘ಲಿಂಕ್/ಈಥರ್’ ಪಕ್ಕ ಮ್ಯಾಕ್ ವಿಳಾಸ ಕಾಣುತ್ತದೆ. ಇಟಿಸಿ ಒಳಗಿನ ಸಿಸ್ಟಮ್‌ಡಿ, ಅದರೊಳಗಿನ ನೆಟ್‌ವರ್ಕ್ ಫೋಲ್ಡರಿನಲ್ಲಿ ಕಾರ್ಡಿಗೊಂದು ಡಾಟ್ ಲಿಂಕ್ ಕಡತ ಮಾಡಿ. ಕಡತದ ಹೆಸರು 10ರಿಂದ ಶುರುವಾಗಲಿ, 99ರಿಂದ ಶುರುವಾಗುವ ಡೀಫಾಲ್ಟ್ ಕಡತಕ್ಕಿಂತ ಮುಂಚೆ ಓದಿಸಿಕೊಳ್ಳಬೇಕು. ಮ್ಯಾಚ್ ವಿಭಾಗದಲ್ಲಿ ಮ್ಯಾಕ್‌ಅಡ್ರೆಸ್, ಲಿಂಕ್ ವಿಭಾಗದಲ್ಲಿ ನೇಮ್, ಇಷ್ಟೇ. ಇಂಟರ್‌ಫೇಸಸ್ ಕಡತ, ಫೈರ್‌ವಾಲ್ ಎರಡರಲ್ಲೂ ಹೆಸರು ತಿದ್ದಿ, ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ (ಬೂಟ್ ಆಗುವಾಗ ಮೊದಲು ಓದುವ ಕಡತವನ್ನು ಹೊಸದಾಗಿಸುವ ಆದೇಶ) ಓಡಿಸಿ ರೀಬೂಟ್ ಮಾಡಿ. ದಯವಿಟ್ಟು ಮನೆಯಿಂದ ಎಸ್‌ಎಸ್‌ಎಚ್‌ನಲ್ಲಿ ಮಾಡಬೇಡಿ, ಯಂತ್ರದ ಮುಂದೆಯೇ ಕೂತು ಮಾಡಿ. ಮುಂದೆ ಕಾರ್ಡ್ ಸುಟ್ಟು ಹೊಸದು ಹಾಕಿದರೆ ಕಡತದಲ್ಲಿ ಮ್ಯಾಕ್ ವಿಳಾಸ ಬದಲಿಸಬೇಕು. ಆ ಒಂದು ಸಾಲಿನ ಕೆಲಸಕ್ಕೆ ಹೆದರಬೇಕಿಲ್ಲ.

ಪ್ರಶ್ನೆ: ಲಿನಕ್ಸಿನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಫ್ರೀಬಿಎಸ್‌ಡಿಯಲ್ಲೂ ಈ ತೊಂದರೆ ಇದೆಯೇ? (ಹೊಳಲ್ಕೆರೆ ರಸ್ತೆ, ಚಿತ್ರದುರ್ಗ)

ಉತ್ತರ: ಕಡಿಮೆ. ಅಲ್ಲಿ ಡ್ರೈವರಿನ (ಕಾರ್ಡನ್ನು ನಡೆಸುವ ತಂತ್ರಾಂಶದ) ಹೆಸರಿಗೆ ಸಂಖ್ಯೆ ಸೇರಿದರೆ ಅದೇ ಇಂಟರ್‌ಫೇಸಿನ ಹೆಸರು: ಇಂಟೆಲ್ ಕಾರ್ಡು ಇಎಂ0 ಅಥವಾ ಐಜಿಬಿ0, ರಿಯಲ್‌ಟೆಕ್ ಆದರೆ ಆರ್‌ಇ0. ಬೇರೆ ಹೆಸರು ಬೇಕಿದ್ದರೆ ಆರ್‌ಸಿ ಡಾಟ್ ಕಾನ್ಫ್ ಕಡತದಲ್ಲಿ ‘ಇಫ್‌ಕಾನ್ಫಿಗ್_ಇಎಂ0_ನೇಮ್’ ಎಂಬ ಸಾಲು ಸೇರಿಸಿ. ಒಂದೇ ಡ್ರೈವರಿನ ಎರಡು ಕಾರ್ಡ್ ಇದ್ದರೆ ಕ್ರಮ ಪಲ್ಲಟವಾಗಬಹುದು. ಹೊಸದಾಗಿ ಕೊಳ್ಳುವವರಾದರೆ ಒಂದು ಇಂಟೆಲ್, ಒಂದು ರಿಯಲ್‌ಟೆಕ್ ಕೊಳ್ಳಿ.