ಹುಡುಗನನ್ನು ನಾಲ್ಕನೇ ಪುಟದಲ್ಲಿ ಬಚ್ಚಿಟ್ಟಿದ್ದೀರಿ

ಡಾಕ್ಟರೇ,

ಮಂಡ್ಯದಿಂದ ನೀವು ಕಳುಹಿಸಿದ 'ಮಕ್ಕಳ ದಂತ ಆರೋಗ್ಯ: ಒಂದು ಅವಲೋಕನ' ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅಚ್ಚಿಗೆ ಕೊಡಲಾರೆ. 'ಒಂದು ಅವಲೋಕನ' ಎಂಬ ಬಾಲ ಹೊತ್ತ ಲೇಖನಗಳು ಮೈಸೂರಿನ ಈ ಕಚೇರಿಗೆ ವಾರಕ್ಕೆ ಮೂರಾದರೂ ಬರುತ್ತವೆ. ಮೊದಲು ಆ ಬಾಲ ಕತ್ತರಿಸಿ.

ಮೂರು ಪುಟ ಬರೀ ನಗುವಿನ ಸೊಬಗು. ನಾಲ್ಕನೆಯದರಲ್ಲಿ ಆ ಎಂಟು ವರ್ಷದ ಹುಡುಗ ಬರುತ್ತಾನೆ: ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಸೈಕಲ್ಲಿನಿಂದ ಬಿದ್ದಿದ್ದಾನೆ, ಮೇಲಿನ ಮುಂಬಲ್ಲು ಬೇರುಸಮೇತ ಕಿತ್ತು ಬಂದಿದೆ, ಅಜ್ಜಿ ಅದನ್ನು ಸೋಪು ಹಾಕಿ ಉಜ್ಜಿ, ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಬಸ್ ಹತ್ತಿದ್ದಾರೆ. ಆ ಗಂಟು ಬಿಚ್ಚುವಲ್ಲಿಂದಲೇ ಲೇಖನ ಶುರುವಾಗಲಿ. ಬೇರಿಗಂಟಿದ ಜೀವಕೋಶಗಳು ಉಜ್ಜಿದರೂ ಸಾಯುತ್ತವೆ, ಒಣಗಿದರೂ ಸಾಯುತ್ತವೆ. ಬೇರು ಮುಟ್ಟದೆ ಬಿಳಿ ಭಾಗ ಹಿಡಿದು, ಕೊಳೆಯಿದ್ದರೆ ತಣ್ಣೀರಿನಲ್ಲಿ ಒಮ್ಮೆ ತೊಳೆದು, ಅಲ್ಲೇ ಕುಳಿಗೆ ಕೂರಿಸಬೇಕು. ಧೈರ್ಯ ಸಾಲದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಓಡಬೇಕು. ಊರೂರಿಗೂ ಡೇರಿಯಿರುವ ಸೀಮೆಯವರು ನೀವು, ಆ ಒಂದು ಲೋಟ ಹಾಲನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಲ್ಲ!

'ಅಪೆಕ್ಸೋಜೆನೆಸಿಸ್', 'ಅಪೆಕ್ಸಿಫಿಕೇಶನ್' ಎಂಬ ಜೋಡಿಯನ್ನು ಓದುಗರ ಮೇಲೆ ಎಸೆದು ಮುಂದೆ ನಡೆದಿದ್ದೀರಿ. ಏಳೆಂಟು ವರ್ಷಕ್ಕೆ ಮೂಡುವ ಆ ಹಲ್ಲಿನ ಬೇರು ಪೂರ್ತಿಯಾಗಲು ಇನ್ನೂ ಸುಮಾರು 3 ವರ್ಷ ಬೇಕು, ಅಲ್ಲಿಯವರೆಗೆ ಅದು ತುದಿ ತೆರೆದ, ಗೋಡೆ ತೆಳುವಾದ ಕೊಳವೆ ಎಂದು ಮೊದಲೇ ಹೇಳಿ. ಒಳಗಿನ ತಿರುಳು ಬದುಕಿದ್ದರಷ್ಟೇ ಗೋಡೆ ದಪ್ಪವಾಗುತ್ತದೆ. ಅದಕ್ಕೇ ಹಲ್ಲು ಮುರಿದು ತಿರುಳು ಕಂಡರೂ ನೀವು ಮೇಲಿನ ಒಂದೆರಡು ಮಿಲಿಮೀಟರ್ ಮಾತ್ರ ತೆಗೆದು ಔಷಧ ಹಾಕಿ ಮುಚ್ಚುತ್ತೀರಿ; ಬೇರು ತಾನೇ ಬೆಳೆದು ಮುಗಿಯಲು ಬಿಡುವ ಈ ಕ್ರಮವೇ ಅಪೆಕ್ಸೋಜೆನೆಸಿಸ್. ತಿರುಳು ಸತ್ತಿದ್ದರೆ ತುದಿಗೆ ಎಂಟಿಎ ಎಂಬ ದಂತ ಸಿಮೆಂಟಿನ ಬಿರಡೆ; ಅದು ಅಪೆಕ್ಸಿಫಿಕೇಶನ್. ಇಲ್ಲವೇ ಕೊಳವೆಯನ್ನು ಶುಚಿಮಾಡಿ, ತುದಿಯಾಚೆ ಚುಚ್ಚಿ ರಕ್ತ ಒಸರಿಸಿ, ಆ ಹೆಪ್ಪಿನಲ್ಲಿ ಹೊಸ ಅಂಗಾಂಶ ಬೆಳೆಯಲು ಬಿಡುವುದು. ಈ ಕೊನೆಯದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ನೀವು ಅದಕ್ಕೆ ಕೊಟ್ಟಿರುವುದು ಒಂದೂವರೆ ಸಾಲು.

ಒಂದು ತಪ್ಪನ್ನಂತೂ ಬಿಡಲಾರೆ. 'ಬಿದ್ದ ಹಲ್ಲನ್ನು ಕೂಡಲೇ ಮರಳಿ ಕೂರಿಸಿ' ಎಂದಿದ್ದೀರಿ. ಹಾಲುಹಲ್ಲನ್ನು ಕೂರಿಸಬಾರದು, ಒಳಗಿರುವ ಶಾಶ್ವತ ಹಲ್ಲಿನ ಮೊಳಕೆಗೆ ಪೆಟ್ಟಾದೀತು ಎಂಬ ಮಾತು ಎಲ್ಲೂ ಇಲ್ಲ. ನಾಲ್ಕು ವರ್ಷದ ಮಗುವಿನ ತಾಯಿ ನಿಮ್ಮನ್ನು ನಂಬಿ ಹಲ್ಲು ಒತ್ತಿದರೆ?

800 ಪದ ಸಾಕು. ತೆರೆದ ಬೇರಿನ ಒಂದು ರೇಖಾಚಿತ್ರ ಇರಲಿ. ಅಂದಹಾಗೆ, ಅಜ್ಜಿ ತಂದ ಆ ಹಲ್ಲು ಕೊನೆಗೆ ಏನಾಯಿತು?