ಗಂಬೂಟಿನೊಳಗೆ ಒದ್ದೆಯಾಗುವ ಕಾಲು

ಪ್ರಶ್ನೆ: ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ವಿಂಗಡಿಸುವ ನಾನು ದಿನವಿಡೀ ಗಂಬೂಟು ಧರಿಸುತ್ತೇನೆ. ಬೆರಳಸಂದಿಯ ಚರ್ಮ ಬೆಳ್ಳಗಾಗಿ ಸುಲಿಯುತ್ತಿದ್ದು, ತುರಿಕೆಯೂ ಇದೆ. ಬೂಟಿನ ಬದಲು ಚಪ್ಪಲಿ ಹಾಕಬಹುದೇ?

ಉತ್ತರ: ಬೇಡ, ಜಾರುವ ನೆಲ ಮತ್ತು ಮೀನುಮುಳ್ಳುಗಳ ನಡುವೆ ಚಪ್ಪಲಿ ರಕ್ಷಣೆಯಲ್ಲ. ಇದು ಶಿಲೀಂಧ್ರದ ಸೋಂಕಿನಂತೆ ತೋರುತ್ತದೆ; ರಬ್ಬರು ಬೆವರನ್ನು ಹೊರಬಿಡದ ಕಾರಣ, ಹೊರಗಿನ ನೀರು ಒಳಬರದಿದ್ದರೂ ಕಾಲು ಒದ್ದೆಯಾಗಿಯೇ ಉಳಿಯುತ್ತದೆ. ಊಟದ ಬಿಡುವಿನಲ್ಲಿ ಬೆರಳಸಂದಿಗಳನ್ನು ಒರೆಸಿ ಕಾಲುಚೀಲ ಬದಲಿಸಿರಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೂಟು ಒಂದೇ ರಾತ್ರಿಯಲ್ಲಿ ಒಣಗುವುದು ಕಷ್ಟವಾದ್ದರಿಂದ, ಎರಡು ಜೊತೆಗಳನ್ನು ದಿನ ಬಿಟ್ಟು ದಿನ ಬಳಸಿರಿ. (ಎರಡನೆಯ ಜೊತೆಯ ಖರ್ಚನ್ನು ಮಾಲೀಕರೇ ಭರಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ.) ಕ್ಲೋಟ್ರಿಮಜೋಲ್ ಮುಲಾಮನ್ನು ದಿನಕ್ಕೆ 2 ಬಾರಿ, ಸುಮಾರು 4 ವಾರ ಹಚ್ಚಿರಿ, ತುರಿಕೆ ನಿಂತಿತೆಂದು ನಡುವೆ ಬಿಟ್ಟರೆ ಸೋಂಕು ಮರುಕಳಿಸುತ್ತದೆ. ಮಧುಮೇಹವಿದ್ದರೆ ಅಥವಾ ಕೀವು, ಊತ ಕಂಡರೆ ತಡಮಾಡದೆ ವೈದ್ಯರನ್ನು ಕಾಣಿರಿ.